ಹೆಬ್ಬೆರಳಿನ ಕುಳಿ

ಎಡಗಡೆ ಉಪ್ಪಿದೆ, ಬಲಗಡೆ ಇಲ್ಲ, ಇದೆಂಥ ಉಪ್ಪು, ಅರ್ಧ ನಾಲಿಗೆಗೆ ಸಿಕ್ಕಿ ಇನ್ನರ್ಧಕ್ಕೆ ಸಿಗದೆ ಹೋಗುವಂಥದ್ದು — ಮೆತ್ವಲ್ಲಿ ಮೀನಿನ ಚೂರನ್ನು ಎಡ ದವಡೆಯಿಂದ ಬಲ ದವಡೆಗೆ ತಳ್ಳಿದ, ಅದು ಅಲ್ಲಿಗೆ ಹೋಯಿತೋ ಇಲ್ಲವೋ ತಿಳಿಯಲಿಲ್ಲ, ಕತ್ತಲ ಕೋಣೆಗೆ ಹೊಕ್ಕವರ ಹಾಗೆ ಮಾಯವಾಯಿತು, ಮತ್ತೆ ಎಡಕ್ಕೆ ತಂದ, ಹಾಂ, ಇಲ್ಲಿದೆ, ಉಪ್ಪು ಹದವಾಗಿದೆ, ಅದರ ಹಿಂದೆ ಸಣ್ಣಗೆ ಹುಳಿ, ಹುಳಿಯ ಹಿಂದೆ ಆ ಖಾರವಲ್ಲದ ಖಾರ, ನಬರೂಹ್ ಊರಿನ ಫಸೀಖ್ ಅಂದರೆ ಇದೇ, ಉಪ್ಪಿನಲ್ಲಿ ಮಲಗಿ ಎದ್ದ ಬೂರಿ ಮೀನು, ಆದರೆ ಬಲಕ್ಕೆ ತಳ್ಳಿದರೆ ಹತ್ತಿ ಅಗಿದ ಹಾಗೆ, ಏನೂ ಇಲ್ಲ. ಕಟ್ಟೆಯಾಚೆ ಜನ ಬೀದಿಯ ತಿರುವಿನ ತನಕ ನಿಂತಿದ್ದಾರೆ, ನಾಳೆ ವಸಂತದ ಹಬ್ಬ, ಬೆಳಗಾದರೆ ಇಡೀ ಊರು ಚಾಪೆ ಬುಟ್ಟಿ ಹೊತ್ತು ಕಾಲುವೆಯ ದಂಡೆಗೆ ಹೋಗಿ ಹುಲ್ಲಿನ ಮೇಲೆ ಕೂರುತ್ತದೆ, ಬಣ್ಣ ಹಚ್ಚಿದ ಮೊಟ್ಟೆ, ಹಸಿ ಈರುಳ್ಳಿ, ರೊಟ್ಟಿ, ನಿಂಬೆ, ನಡುವೆ ಮೆತ್ವಲ್ಲಿಯ ಅಂಗಡಿಯ ಉಪ್ಪುಮೀನು, ಅದಿಲ್ಲದಿದ್ದರೆ ಅದೂ ಒಂದು ಹಬ್ಬವೇ, ಮೊದಲ ಪೀಪಾಯಿ ನಿನ್ನೆಯೇ ತಳ ಕಂಡಿತು, ಎರಡನೆಯದು ಈಗ ತಾನೇ ಮುಗಿಯಿತು, ಮೂರನೆಯದರ ಮುಚ್ಚಳ ತೆಗೆದು ಮಗಳು ನಜ್ಲಾ ಕೈಗವಸು ಹಾಕಿಕೊಂಡು ನಿಂತಿದ್ದಾಳೆ, ಅಪ್ಪ ಹೂಂ ಅನ್ನಲಿ ಎಂದು. ಅವನು ಹೂಂ ಅನ್ನದೆ ಒಂದು ಮೀನೂ ತಕ್ಕಡಿ ಹತ್ತುವುದಿಲ್ಲ, ಅದು ಈ ಅಂಗಡಿಯ ಕಟ್ಟಳೆ, ಅವನ ಅಪ್ಪನ ಕಾಲದಿಂದ ಬಂದದ್ದು, ಮೊದಲು ಮೂಗು, ಆಮೇಲೆ ಹೆಬ್ಬೆರಳು, ಕೊನೆಗೆ ನಾಲಿಗೆ, ಮೂಗಿಗೆ ಮೋಸ ಮಾಡ್ಬೋದು ಮಗನೇ, ನಾಲಿಗೆಗೆ ಆಗಲ್ಲ ಅನ್ನುತ್ತಿದ್ದ ಅಪ್ಪ, ಮೀನಿನ ಬೆನ್ನಿನ ಮೇಲೆ ಹೆಬ್ಬೆರಳು ಒತ್ತು, ತೆಗಿ, ಕುಳಿ ತುಂಬ್ಕೊಂಡ್ರೆ ಸೈ, ಹಾಗೇ ನಿಂತ್ರೆ ಹೂತ್ಬಿಡು. ಏನ್ ಹಾಜಿ, ಚೂಯಿಂಗ್ ಗಮ್ಮಾ ಅದು, ಎಷ್ಟೊತ್ತು ಅಗೀತೀರಿ, ಮನೇಲಿ ನನ್ ಸೊಸೆ ಮೊಟ್ಟೆಗೆ ಬಣ್ಣ ಹಚ್ಚಿ, ಒಣಗಿಸಿ, ಸುಲಿದು ತಿಂದೂ ಆಯ್ತೇನೋ — ಸಾಲಿನ ಮುಂದಿರುವ ಫೌಕಿಯಾ, ಅಂಚೆ ಕಚೇರಿಯಿಂದ ನಿವೃತ್ತಳಾದರೂ ಕಟ್ಟೆಯ ಆಚೆ ಯಾರು ಕೂತಿದ್ದರೂ ಗದರಿಸುವ ಅಭ್ಯಾಸ ಬಿಡದವಳು, ಎಲ್ಲರೂ ನಕ್ಕರು, ಮೆತ್ವಲ್ಲಿಯೂ ನಕ್ಕ, ನಕ್ಕೆ ಎಂದುಕೊಂಡ, ತುಟಿಯ ಒಂದು ತುದಿ ಮಾತ್ರ ಮೇಲೆದ್ದಂತಾಯಿತು, ಇನ್ನೊಂದು ತುದಿಯಿಂದ ಜೊಲ್ಲು ಗಡ್ಡಕ್ಕಿಳಿಯಿತು, ಅದನ್ನು ಭುಜಕ್ಕೆ ಒರೆಸಿಕೊಂಡ.

ನಾಲಿಗೆಗೋಸ್ಕರ ತಾನೇ ಇಷ್ಟೆಲ್ಲ ಮಾಡಿದ್ದು, ಆ ನಾಲಿಗೆಯೇ ಇವತ್ತು, ಈ ಹೊತ್ತಿಗೆ, ಇಷ್ಟು ಜನರ ಎದುರು — ಚಳಿಗಾಲದಲ್ಲಿ ಡಾಕ್ಟರ್ ಮಾರ್ಗ್ರೀತ್ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು, ಪಟ್ಟಿ ಹಿಂಡಿತು, ಹಿಂಡಿತು, ಅವಳು ಮುಳ್ಳಿನ ಕಡೆ ನೋಡಿ ಮತ್ತೆ ತುಂಬಿದಳು, ಹದಿನೆಂಟು ಹನ್ನೊಂದು, ಅಂದರೆ ನೂರೆಂಬತ್ತಕ್ಕೆ ನೂರಹತ್ತು, ಹಾಜಿ ನೀನು ನಡ್ಕೊಂಡ್ ಬಂದ್ಯಾ ಇಲ್ಲ ಯಾರಾದ್ರೂ ಹೊತ್ಕೊಂಡ್ ಬಂದ್ರಾ, ನಡ್ಕೊಂಡೇ ಬಂದೆ ಡಾಕ್ಟ್ರೇ, ತಲೆನೋವಿಲ್ಲ, ತಲೆಸುತ್ತಿಲ್ಲ, ಕುದುರೆ ಇದ್ದಂಗಿದೀನಿ, ಮಗಳು ಸುಮ್ನೆ ಎಳ್ಕೊಂಡ್ ಬಂದ್ಳು, ಅದೇ ಕಣಪ್ಪ ಇದರ ಕಳ್ಳಾಟ, ಬಿಪಿ ಅನ್ನೋದು ಬಾಯಿಲ್ಲದ ಕಾಯಿಲೆ, ಅದಕ್ಕೆ ಬಾಯಿ ಬರೋ ಹೊತ್ತಿಗೆ ನಿನ್ನ ಬಾಯಿ ಹೋಗಿರ್ತದೆ. ಕಾಲುಚೀಲ ತೆಗೆಸಿದಳು, ಹಿಮ್ಮಡಿಯ ಮೇಲೆ, ಗಂಟಿನ ಹತ್ತಿರ ಹೆಬ್ಬೆರಳು ಇಟ್ಟು ಒತ್ತಿದಳು, ತೆಗೆದಳು, ಅಲ್ಲೊಂದು ಕುಳಿ, ಅವಳೂ ನೋಡಿದಳು, ಅವನೂ ನೋಡಿದ, ಪಕ್ಕದಲ್ಲಿ ನಿಂತಿದ್ದ ನಜ್ಲಾಳೂ ನೋಡಿದಳು, ಕುಳಿ ತುಂಬಲಿಲ್ಲ, ಹಾಗೇ ಕೂತಿತ್ತು, ಒಳ್ಳೆ ಹಿಟ್ಟಿನ ಉಂಡೆಗೆ ಬೆರಳಿಟ್ಟ ಹಾಗೆ, ಅಪ್ಪಾ ನೀನು ಕೆಟ್ಟೋದ್ ಮೀನು, ಹೂತ್ಬಿಡ್ಬೇಕು ಅಂದಳು ನಜ್ಲಾ, ಮೂವರೂ ನಕ್ಕರು, ಡಾಕ್ಟರು ನಗುತ್ತಲೇ ಬರೆದಳು, ಒತ್ತಡ ಮೂತ್ರಪಿಂಡಕ್ಕೆ ತಾಗ್ತಿದೆ, ನೀರು ನಿಲ್ತಿದೆ, ಉಪ್ಪು ಬಿಡಬೇಕು ಎಂದಳು, ಉಪ್ಪುಮೀನಿನವನಿಗೆ ಉಪ್ಪು ಬಿಡು ಅನ್ನೋದು ಮೀನಿಗೆ ನೀರು ಬಿಡು ಅಂದಂಗಾಯ್ತಲ್ಲ ಡಾಕ್ಟ್ರೇ, ರುಚಿ ನೋಡು, ಉಗುಳು, ಬಾಯಿ ಮುಕ್ಕಳಿಸು, ನುಂಗಬೇಡ, ಸಿಗರೇಟು ಬಿಡು, ದಂಡೆ ಮೇಲೆ ನಡಿ, ಬೆಳಗ್ಗೆ ಒಂದು ಮಾತ್ರೆ, ಆರಾಮಾಯ್ತು ಅಂತ ಬಿಡಬೇಡ, ಆರಾಮಾಗಿರೋದೇ ಮಾತ್ರೆಯಿಂದ, ಏನಾದ್ರೂ ತೊಂದ್ರೆ ಕೊಟ್ರೆ ಬಂದು ನಂಗೆ ಹೇಳು, ಬೇರೆ ಬರೀತೀನಿ, ಮಾತ್ರೆ ಒಂದೇ ಜಾತಿ ಅಲ್ಲ — ಒಂದೇ ಜಾತಿ ಅಲ್ಲ ಎಂದು ಅವಳು ಹೇಳಿದ್ದಳು, ಹೇಳಿದ್ದಳಲ್ಲ, ಕಿವಿಗೆ ಬಿದ್ದಿತ್ತಲ್ಲ. ಮಾತ್ರೆ ಶುರುಮಾಡಿ ವಾರ ಕಳೆಯುವುದರೊಳಗೆ ನಾಲಿಗೆಯ ಮೇಲೆ ತಾಮ್ರದ ಕಾಸು ಇಟ್ಟುಕೊಂಡು ಓಡಾಡಿದ ಹಾಗಾಯಿತು, ಚಹಾ ತಾಮ್ರ, ರೊಟ್ಟಿ ತಾಮ್ರ, ಉಪ್ಪಿಗೆ ಉಪ್ಪೇ ಇಲ್ಲ, ಪೀಪಾಯಿಗಳಿಗೆ ಮೀನು ಇಳಿಸುವ ದಿನ ಹತ್ತಿರ ಬಂತು, ಉಪ್ಪುನೀರನ್ನು ಬೆರಳಲ್ಲಿ ಅದ್ದಿ ಚೀಪಿದರೆ ಹೆಚ್ಚೋ ಕಮ್ಮಿಯೋ ತಿಳಿಯದು, ಅವತ್ತೇ ಡಾಕ್ಟರ ಹತ್ತಿರ ಹೋಗಿ ಹೇಳಬಹುದಿತ್ತು, ಆದರೆ ನನ್ನ ನಾಲಿಗೆ ಹೋಗಿದೆ ಎಂದು ಉಪ್ಪುಮೀನಿನವನು ಯಾರ ಹತ್ತಿರ ಹೇಳಿಕೊಳ್ಳುತ್ತಾನೆ, ಡಾಕ್ಟರ ಕೋಣೆಯ ಬಾಗಿಲ ಹತ್ತಿರ ಅರ್ಧ ಊರು ಕೂತಿರುತ್ತದೆ, ಗೋಡೆಗೂ ಕಿವಿ, ಮೆತ್ವಲ್ಲಿಗೆ ರುಚಿ ಗೊತ್ತಾಗಲ್ವಂತೆ ಅಂದರೆ ಮುಗಿಯಿತು. ಹೆಂಡತಿ ಇನ್ಶಿರಾಹ್ ಬೆಳಗ್ಗೆ ಮಾತ್ರೆ ಅಂಗೈಗೆ ಹಾಕಿ ನುಂಗುವ ತನಕ ಕದಲುವುದಿಲ್ಲ, ರೀ, ನುಂಗಿದ್ರಾ, ನುಂಗ್ದೆ ಕಣೆ, ಬಾಯಿ ತೆಗೀರಿ, ತೆಗೆದ, ಮಾತ್ರೆ ಹಿಂದಿನ ದವಡೆಯ ಸಂದಿಯಲ್ಲಿ ಕೂತಿದೆ, ಹಿತ್ತಿಲಿಗೆ ಬಂದು ಮೀನು ತೊಳೆದ ನೀರು ಹರಿಯುವ ಚರಂಡಿಗೆ ತೂ, ಮಕ್ಕಳ ಹಾಗೆ, ಈ ವಯಸ್ಸಿನಲ್ಲಿ, ಹಜ್ ಮಾಡಿ ಬಂದವನು. ಹಬ್ಬ ಒಂದು ಕಳೆಯಲಿ, ಆಮೇಲೆ ದಿನಾ ನುಂಗುತ್ತೇನೆ ಎಂದು ಮನಸ್ಸಿನಲ್ಲೇ ಮಾತು ಕೊಟ್ಟಿದ್ದ, ಮೇಲೆ ಇನ್ಶಿರಾಹ್ ಕೊಡುವ ಕರ್ಕದೆ ಇತ್ತಲ್ಲ, ಪುಂಡಿ ಹೂವಿನ ಕೆಂಪು ಪಾನಕ, ಬಿಸಿ ಕುಡಿದ್ರೆ ಬಿಪಿ ಏರ್ತದೆ ತಣ್ಣಗೆ ಕುಡಿದ್ರೆ ಇಳೀತದೆ ಅಂತ ಅವಳ ಅಮ್ಮ ಹೇಳಿದ್ದಂತೆ, ಎಲ್ಲರ ಅಮ್ಮನೂ ಅದನ್ನೇ ಹೇಳಿದ್ದಾಳೆ, ದಿನಾ ಎರಡು ಲೋಟ ತಣ್ಣಗೆ ಇಳಿಸಿದ್ದ, ತಾಮ್ರ ಹೋಯಿತು, ನಾಲಿಗೆ ವಾಪಸು ಬಂತು, ತಲೆನೋವಿಲ್ಲ, ಸುತ್ತಿಲ್ಲ, ಕುದುರೆ, ಹೇಳಿದೆನಲ್ಲ ಕುದುರೆ ಎಂದು ಖುಷಿಪಟ್ಟಿದ್ದ.

ಮೀನು ಕೈಯಿಂದ ಜಾರಿತು. ಬಲಗೈಯಲ್ಲಿ ಹಿಡಿದಿದ್ದ, ಹಿಡಿದೇ ಇದ್ದೇನೆ ಎಂದುಕೊಂಡಿದ್ದ, ನೋಡಿದರೆ ಅದು ಹಲಗೆಯ ಮೇಲೆ ಬಿದ್ದಿದೆ, ಬೆರಳುಗಳು ಮಾತ್ರ ಇನ್ನೂ ಏನನ್ನೋ ಹಿಡಿದ ಹಾಗೆ ಬಾಗಿವೆ, ಯಾರದೋ ಕೈಯನ್ನು ತಂದು ತನ್ನ ತೋಳಿಗೆ ಸಿಕ್ಕಿಸಿದ್ದಾರೆ, ಎತ್ತು ಅಂದರೆ ಎತ್ತುವುದಿಲ್ಲ, ಒತ್ತು ಅಂದರೆ ಒತ್ತುವುದಿಲ್ಲ, ಬೀದಿ ಒಂದು ಹೋಗಿ ಎರಡಾಗಿ ಕಾಣುತ್ತಿದೆಯೇ ಇಲ್ಲ ಕಣ್ಣಿಗೆ ಉಪ್ಪು ಹಾರಿತೇ — ರೆಪ್ಪೆ, ಯಾ ಅಲ್ಲಾ, ರೆಪ್ಪೆ ಭಾರವಾಗುತ್ತಿದೆ, ರೆಪ್ಪೆ ಅಂದದ್ದೇ ತಡ ಚಿಕ್ಕಪ್ಪ ರಿಫಾಯಿಯ ಅಂಗಡಿ ನೆನಪಿಗೆ ಬಂತು, ಈ ಬೀದಿಯ ಆ ತುದಿ, ಈಗ ಅಲ್ಲಿ ಮೊಬೈಲು ರಿಪೇರಿ ಮಾಡುತ್ತಾರೆ, ಅವನಿಗೆ ಆ ವರ್ಷ ನೆಗಡಿ, ಮೂಗು ಕಟ್ಟಿತ್ತು, ನಾಲಿಗೆ ಸತ್ತಿತ್ತು, ಹಬ್ಬದ ಹಿಂದಿನ ದಿನ, ಇಂಥದೇ ದಿನ, ಸಾಲು ಇಂಥದೇ ಸಾಲು, ಚೂರು ಬಾಯಿಗೆ ಹಾಕಿಕೊಂಡು ಏನೂ ತಿಳಿಯದೆ ಹೂಂ ಅಂದುಬಿಟ್ಟ, ಇತಿದಾಲ್ ಎಂಬ ಹುಡುಗಿ, ಹೊಸ ಮದುವಣಗಿತ್ತಿ, ಅಂಗೈಯ ಮದರಂಗಿ ಇನ್ನೂ ಮಾಸಿರಲಿಲ್ಲ, ಹಬ್ಬದ ಮಾರನೆಯ ದಿನ ಅವಳ ಎರಡೂ ರೆಪ್ಪೆ ಬಿದ್ದವು, ಅಮ್ಮಾ ನೀನು ಕಾಣ್ತಿಲ್ಲ ಎಂದು ಬೆರಳುಗಳಿಂದ ರೆಪ್ಪೆ ಎತ್ತಿ ಹಿಡಿದು ಅಮ್ಮನ ಮುಖ ನೋಡಿದಳಂತೆ, ನಾಲಿಗೆ ದಪ್ಪವಾಯಿತು, ಮಾತು ತೊದಲಿತು, ಉಸಿರು ನಿಂತಿತು. ರಿಫಾಯಿ ಬಸ್ ನಿಲ್ದಾಣದಲ್ಲಿ ಕಲ್ಲಂಗಡಿ ಬೀಜ ಮಾರುತ್ತ ಸತ್ತ, ಆ ಬೀಜವನ್ನೂ ಈ ಊರಿನವರು ಕೊಳ್ಳುತ್ತಿರಲಿಲ್ಲ, ಊರು ಗೊತ್ತಿಲ್ಲದವರು ಕೊಳ್ಳುತ್ತಿದ್ದರು. ಮೆತ್ವಲ್ಲಿ ಹರೆಯದವನಾಗಿದ್ದ, ಅಪ್ಪ ಅವನನ್ನು ಪೀಪಾಯಿಯ ಮುಂದೆ ನಿಲ್ಲಿಸಿ ನಾಲಿಗೆ ಹಿಡಿದು ಎಳೆದು ಹೇಳಿದ್ದ, ಇದು ನಿಂದಲ್ಲ, ಊರಿಂದು, ಇದು ಕೆಟ್ಟ ದಿನ ಅಂಗಡಿ ಬಾಗಿಲು ಹಾಕು, ಅನುಮಾನ ಬಂತಾ ಸೀಮೆಎಣ್ಣೆ ಸುರಿ, ಸೀಮೆಎಣ್ಣೆ ಬಿದ್ದ ಮೀನನ್ನು ಬಡವನೂ ಎತ್ಕೊಂಡ್ ಹೋಗಲ್ಲ, ಬೆಕ್ಕೂ ಮೂಸಲ್ಲ. ಅದೇ ಮಾತನ್ನು ಅವನು ನಜ್ಲಾಳಿಗೆ ಹೇಳಿಕೊಟ್ಟ, ಡಬ್ಬ ಇವತ್ತಿಗೂ ಬಾಗಿಲ ಹಿಂದೆ ಇದೆ, ತುಕ್ಕು ಹಿಡಿದು, ತುಂಬಿಕೊಂಡು.

ಹಾಗಾದರೆ ಇದು ಮೀನೇ, ನಿನ್ನೆ ರಾತ್ರಿ ಮೊದಲ ಪೀಪಾಯಿಯ ತಳದ ಮೀನನ್ನು ಮನೆಗೆ ಒಯ್ದು ಈರುಳ್ಳಿ ಜೊತೆ ತಿಂದದ್ದು, ಉಗುಳದೆ, ಹಬ್ಬ ಬಂತಲ್ಲ ಎಂದು ರೊಟ್ಟಿಯಲ್ಲಿ ತಟ್ಟೆ ಒರೆಸಿ ಒರೆಸಿ ತಿಂದದ್ದು, ವಿಷ ಒಂದು ರಾತ್ರಿ ಸುಮ್ಮನಿದ್ದು ಬೆಳಗ್ಗೆ ಬಾಯಿ ತೆರೆಯುತ್ತದೆ, ಹಾಗಾದರೆ ಆ ಪೀಪಾಯಿಯ ಮೀನು ಕೊಂಡವರೆಲ್ಲ, ಫೌಕಿಯಾಳ ತಮ್ಮ, ಮಸೀದಿಯ ಮುಂದಿನ ದರ್ಜಿ, ಹೈಸ್ಕೂಲಿನ ಹೆಣ್ಣುಮಕ್ಕಳು ದುಡ್ಡು ಸೇರಿಸಿ ಒಯ್ದದ್ದು, ಡಾಕ್ಟರ್ ಮಾರ್ಗ್ರೀತ್ ಎರಡು ಮೀನು, ಹಾಜಿ ನಂಗೆ ಕೊಡು, ನೀನು ತಿನ್ನಬೇಡ, ಇವತ್ತು ಅವಳ ಈಸ್ಟರ್, ಇಷ್ಟು ದಿನ ಉಪವಾಸ ಮಾಡಿದವಳು ಮೇಜಿನ ಸುತ್ತ ಮಕ್ಕಳನ್ನು ಕೂರಿಸಿಕೊಂಡು — ನಿಲ್ಲಿಸಬೇಕು, ಸಾಲು ನಿಲ್ಲಿಸಬೇಕು, ನಜ್ಲಾ ಮುಚ್ಚು ಎಂದು ಹೇಳಬೇಕು, ಮುಚ್ಚು ಎಂಬ ಮಾತು ಎದೆಯಿಂದ ಎದ್ದು ಗಂಟಲಿಗೆ ಬಂತು, ಅಲ್ಲಿಂದ ಮುಂದೆ ದಾರಿ ಮರೆತ ಹಾಗೆ ನಿಂತಿತು, ಬಾಯಿಂದ ಹೊರಗೆ ಬಂದದ್ದು ಹ್ಞೂಂ. ಸರಿ ಅಪ್ಪಾ ಅಂದಳು ನಜ್ಲಾ, ಗವಸಿನ ಕೈ ಪೀಪಾಯಿಗೆ ಇಳಿಸಿದಳು, ಮೀನು ತಕ್ಕಡಿಗೆ ಹಾಕಿದಳು, ಅಯ್ಯೋ ಅಲ್ಲ, ಹೂಂ ಅಲ್ಲ ಮಗಳೇ, ನಾನು ಹೂಂ ಅನ್ನಲಿಲ್ಲ, ಫೌಕಿಯಾ ಆಗಲೇ ಚೀಲ ಬಿಚ್ಚಿದ್ದಾಳೆ, ಅಲ್ಹಮ್ದುಲಿಲ್ಲಾ, ಅಂತೂ ರಾಜರ ಅಪ್ಪಣೆ ಆಯ್ತು, ಬೆನ್ನು ದಪ್ಪ ಇರೋದು ಕೊಡೇ, ಬಾಲ ನಿಮ್ಮಪ್ಪಂಗೇ ಇರ್ಲಿ, ಚಿಕ್ಕಪ್ಪ ರಿಫಾಯಿಯೂ ಹೀಗೇ ಒಂದು ಹೂಂ ಅಂದಿದ್ದು, ಅವನದಾದರೂ ಬೇಕೆಂದೇ ಅಂದ ಹೂಂ, ಉಪ್ಪು ತಿಂದವನು ನೀರು ಕುಡಿಯಲೇಬೇಕು, ಕುಡಿಯುತ್ತೇನೆ, ನಾನು ಕುಡಿಯುತ್ತೇನೆ, ಆದರೆ ಇವರೆಲ್ಲ ಯಾಕೆ ಕುಡಿಯಬೇಕು, ಮುಚ್ಚು, ಮುಚ್ಚು, ಹ್ಞೂಂ, ಹ್ಞೂಂ, ಅಪ್ಪ ಇವತ್ತು ಖುಷಿಯಾಗಿದಾರೆ ಎಂದಳು ನಜ್ಲಾ ತಿರುಗಿ ನೋಡದೆ, ಕೈ ಬಿಡುವಿಲ್ಲದೆ ಓಡುತ್ತಿತ್ತು.

ತಕ್ಕಡಿಯ ತಟ್ಟೆ ಖಾಲಿಯಾಗಿ ಅವನ ಕಡೆ ತಿರುಗಿತು. ಹಿತ್ತಾಳೆಯ ತಟ್ಟೆ, ನಜ್ಲಾ ನಿಂಬೆ ಹೋಳು ತಿಕ್ಕಿ ತಿಕ್ಕಿ ಕನ್ನಡಿ ಮಾಡಿಟ್ಟದ್ದು, ಅದರಲ್ಲಿ ಒಂದು ಮುಖ ಬಂದು ಹೋಯಿತು, ಮತ್ತೆ ಬಂತು, ತನ್ನದೇ, ಬಿಳಿ ಗಡ್ಡ, ಟೋಪಿ, ಎಡಗಣ್ಣು ಅಗಲವಾಗಿ ತೆರೆದಿದೆ, ಹೆದರಿದೆ, ಬಲಗಣ್ಣಿನ ಕೆಳಗೆ ಕೆನ್ನೆ ಜಾರಿದೆ, ತುಟಿ ಜಾರಿದೆ, ಹಗ್ಗ ಬಿಚ್ಚಿದ ಡೇರೆಯ ಹಾಗೆ ಒಂದು ಮಗ್ಗುಲು, ಒಂದೇ ಮಗ್ಗುಲು — ಒಂದೇ, ತಡಿ, ತಡಿ ಮೆತ್ವಲ್ಲಿ, ಅಪ್ಪ ಏನೆಂದಿದ್ದ, ಮೀನಿನ ವಿಷ ನ್ಯಾಯವಂತ ಕಣೋ, ಎರಡೂ ಪರದೆ ಒಟ್ಟಿಗೆ ಇಳಿಸ್ತದೆ, ಇತಿದಾಲಳ ಎರಡೂ ರೆಪ್ಪೆ, ಎರಡೂ ಕೈಯ ಬೆರಳು, ಮತ್ತೆ ಡಾಕ್ಟರು ಬಾಗಿಲ ತನಕ ಬಂದು ನಜ್ಲಾಳಿಗೂ ಅವನಿಗೂ ಹೇಳಿದ್ದು, ಮುಖ ಒಂದು ಕಡೆ ಜೋತ್ರೆ, ಕೈ ಒಂದು ಕಡೆ ಬಿದ್ರೆ, ಮಾತು ತೊದಲಿದ್ರೆ ಲಕ್ವ ಅಂತ ತಿಳ್ಕೊಳಿ, ಓಡಿ, ನಿಂಬೆ ಪಾನಕ ಕುಡಿಸ್ತಾ ಕೂರಬೇಡಿ, ಮೊದಲ ಒಂದೆರಡು ಗಂಟೇಲಿ ಚಿಕಿತ್ಸೆ ಆದ್ರೆ ಆಯ್ತು, ಇಲ್ಲಾಂದ್ರೆ ಇಲ್ಲ, ನಾಲಿಗೆಯೂ ಒಂದೇ ಕಡೆ, ಕೈಯೂ ಒಂದೇ ಕಡೆ, ಹಾಗಾದರೆ ಮೀನಲ್ಲ, ರಕ್ತ, ನನ್ನ ರಕ್ತ, ಚರಂಡಿಗೆ ಉಗುಳಿದ ಮಾತ್ರೆಗಳು, ಮೀನಲ್ಲ! ಎಡನಾಲಿಗೆ ಹೇಳಿತಲ್ಲ ಹದವಾಗಿದೆ ಎಂದು, ಹೆಬ್ಬೆರಳು ಒತ್ತಿದಾಗ ಕುಳಿ ತುಂಬಿತಲ್ಲ, ಅರ್ಧ ನಾಲಿಗೆ ಸಾಕು, ಅಂಗಡಿ ಉಳಿಯಿತು, ದರ್ಜಿ ಉಳಿದ, ಹೈಸ್ಕೂಲಿನ ಹುಡುಗಿಯರು ಉಳಿದರು, ಅವನಿಗೆ ಸಂತೋಷವಾಯಿತು, ಎಂಥ ಹುಚ್ಚು, ಸಾಯುವ ಹೊತ್ತಿಗೆ ಸಂತೋಷ, ಕಣ್ಣಲ್ಲಿ ನೀರು ಬಂತು, ಅದೂ ಎರಡು ಕಡೆಯೂ ಬಂತೋ ಒಂದೇ ಕಡೆಯೋ ತಿಳಿಯಲಿಲ್ಲ.

ಓಡಬೇಕು ಈಗ, ಮೊದಲ ಒಂದೆರಡು ಗಂಟೆ, ಆದರೆ ಹೇಗೆ ಓಡುವುದು, ಇಲ್ಲಿ ಬಿದ್ದರೆ ಎಲ್ಲಿಗೆ ಬೀಳುತ್ತೇನೆ, ಪೀಪಾಯಿಯ ಪಕ್ಕ, ಬಾಯಲ್ಲಿ ಮೀನಿನ ಚೂರು, ಮಾತು ತೊದಲುತ್ತಿದೆ, ರೆಪ್ಪೆ ಇಳಿದಿದೆ, ಈ ಊರಿಗೆ ಅದೊಂದೇ ಕಥೆ ಗೊತ್ತಿರುವುದು, ಇತಿದಾಲಳ ಕಥೆ, ಮೆತ್ವಲ್ಲಿ ತನ್ನ ಮೀನು ತಾನೇ ತಿಂದು ಸತ್ತ ಅನ್ನುತ್ತಾರೆ, ಇನ್ನೊಬ್ಬ ರಿಫಾಯಿ ಅನ್ನುತ್ತಾರೆ, ನಜ್ಲಾ ಬಸ್ ನಿಲ್ದಾಣದಲ್ಲಿ ಕಲ್ಲಂಗಡಿ ಬೀಜ ಮಾರಬೇಕಾಗುತ್ತದೆ, ಹೆಂಗಸಿಗೆ ಯಾಕಮ್ಮ ಪೀಪಾಯಿ ಎಂದು ಬಂಧುಗಳೆಲ್ಲ ಅಂದಾಗ ಹಲ್ಲು ಕಚ್ಚಿ ಕಲಿತವಳು, ಅವಳ ನಾಲಿಗೆ ನನ್ನದಕ್ಕಿಂತ ಸೂಕ್ಷ್ಮ, ಹೇಳಿಲ್ಲ ಅವಳಿಗೆ, ಒಮ್ಮೆಯೂ ಹೇಳಿಲ್ಲ, ಅವಳೇ ರುಚಿ ನೋಡಬಹುದಿತ್ತಲ್ಲ, ನಾನು ಮಾತ್ರೆ ನುಂಗಿ ತಾಮ್ರದ ಬಾಯಲ್ಲಿ ಕೂತು ಅವಳಿಗೆ ಹೂಂ ಅನ್ನಲು ಬಿಡಬಹುದಿತ್ತಲ್ಲ, ಯಾಕೆ ಹೊಳೆಯಲಿಲ್ಲ ಇದು, ಇಷ್ಟು ಸುಲಭದ್ದು, ಚಳಿಗಾಲವಿಡೀ ಯಾಕೆ ಹೊಳೆಯಲಿಲ್ಲ, ಹೊಳೆದಿತ್ತು, ಒಂದು ಸಲ ಹೊಳೆದಿತ್ತು, ರುಚಿ ನೋಡುವವನ ಈ ಸ್ಟೂಲಿನಿಂದ ಏಳಲು ಮನಸ್ಸು ಬರಲಿಲ್ಲ, ಅದೇ ನಿಜ. ಈಗ ಏಳಬೇಕು, ಹಿಂದಿನ ಕೋಣೆಗೆ ಹೋಗಬೇಕು, ಉಪ್ಪಿನ ಚೀಲಗಳ ನಡುವೆ, ಯಾರೂ ನೋಡದ ಕಡೆ, ಅಲ್ಲಿಂದ ಹಿತ್ತಿಲ ಬಾಗಿಲು, ಅಲ್ಲಿಂದ ಮನೆ, ಮನೆಯಲ್ಲಿ ಬಿದ್ದರೆ ಮರ್ಯಾದಸ್ಥನ ಹಾಗೆ ಬಿಪಿಯಿಂದ ಬಿದ್ದ ಅನ್ನುತ್ತಾರೆ, ಎರಡು ಹೆಜ್ಜೆ, ಪರದೆಯ ತನಕ ಎರಡೇ ಹೆಜ್ಜೆ, ಎಡಗೈಯಲ್ಲಿ ಕಟ್ಟೆ ಹಿಡಿದು ಎದ್ದ, ಎಡಗಾಲು ಬಂತು, ಬಲಗಾಲನ್ನು ಕರೆದ, ಅದು ಅಲ್ಲೇ ನಿಂತು ಬೇರೆಯವರ ಕಾಲಿನ ಹಾಗೆ ಅವನನ್ನು ನೋಡಿತು, ಹಾಜಿ ಎಲ್ಲಿಗೆ ಹೊರಟ್ರಿ, ನನ್ ಮೀನು ಸುತ್ತಿ ಕೊಡೋರ್ ಯಾರು, ಫೌಕಿಯಾಳ ನಗು ಅರ್ಧಕ್ಕೇ ನಿಂತಿತು, ನಜ್ಲಾ, ನಜ್ಲಾ ನಿಮ್ಮಪ್ಪನ ಮುಖ ನೋಡೇ.

ನೆಲ ತಣ್ಣಗಿದೆ, ಉಪ್ಪುನೀರು ಬೆನ್ನಿಗೆ ಹತ್ತುತ್ತಿದೆ, ಮೇಲೆ ಬೆಳಕು, ಬೆಳಕಿನ ಸುತ್ತ ತಲೆಗಳು, ಅಪ್ಪಾ, ಅಪ್ಪಾ ನನ್ನ ನೋಡು, ನಜ್ಲಾಳ ಮುಖ, ಮೀನು ಅಂದ ಯಾರೋ, ಮೀನು ಮೀನು ಎಂದಿತು ಬೀದಿ, ರುಚಿ ನೋಡ್ತಿದ್ದ, ಈಗ ತಾನೇ ನುಂಗ್ದ, ನಾನ್ ನಿನ್ನೆ ತಗೊಂಡೋದೆ ಅಯ್ಯೋ ನನ್ ಮಕ್ಳು, ಬಾಯಿಗೆ ಬೆರಳು ಹಾಕಿ ಕಕ್ಕಿಸ್ರೋ, ಫೌಕಿಯಾ ಚೀಲವನ್ನು ಹಾವು ಕಂಡವಳ ಹಾಗೆ ಬಿಸಾಕಿದಳು, ಮೀನು ನೆಲಕ್ಕೆ ಬಿದ್ದು ಅವನ ಕೆನ್ನೆಯ ಹತ್ತಿರ ಬಂದು ನಿಂತಿತು, ಬೆನ್ನು ದಪ್ಪ ಇರುವ ಮೀನು, ಒಳ್ಳೆಯ ಮೀನು, ಮೀನಲ್ಲ ಎಂದ ಅವನು, ಹ್ಞೂಂ ಎಂದಿತು ಬಾಯಿ, ಮೀನಾ ಅಪ್ಪಾ, ಹ್ಞೂಂ, ಅಯ್ಯೋ ಮತ್ತೆ ಅದೇ ಹೂಂ, ಈ ಬಾಯಿಗೆ ಇನ್ನೊಂದು ಮಾತೇ ಇಲ್ಲವೇ. ನಜ್ಲಾ ಎದ್ದಳು, ಬಾಗಿಲ ಹಿಂದೆ ಹೋದಳು, ಬೇಡ, ತುಕ್ಕಿನ ಡಬ್ಬ ಕಿರ್ರೆಂದಿತು, ಬೇಡ ಮಗಳೇ, ಗಳಗಳ ಸದ್ದು, ಸೀಮೆಎಣ್ಣೆಯ ವಾಸನೆ ಎಡಮೂಗಿಗೋ ಬಲಮೂಗಿಗೋ ಬಂತು, ಮೂರನೆಯ ಪೀಪಾಯಿ, ಈ ವರ್ಷದ ಅತ್ಯುತ್ತಮ ಪೀಪಾಯಿ, ಅವಳೇ ಕಿವಿರುಗಳಿಗೆ ಉಪ್ಪು ತುಂಬಿ ಜೋಡಿಸಿದ್ದು, ಅಳುತ್ತಿದ್ದಳು, ಅಳುತ್ತಲೇ ಸುರಿದಳು, ನಾನು ಹೇಳಿಕೊಟ್ಟ ಹಾಗೇ ಮಾಡುತ್ತಿದ್ದಾಳೆ, ಒಂದಿಷ್ಟೂ ತಪ್ಪದೆ, ಭೇಷ್ ಮಗಳೇ, ಅಯ್ಯೋ ಮಗಳೇ, ಯಾರೂ ತಿನ್ಬೇಡಿ, ನಿನ್ನೆ ತಗೊಂಡೋರಿಗೆಲ್ಲ ಹೇಳಿ, ಎಸೀರಿ ಎಲ್ಲ ಎಂದು ಬೀದಿಗೆ ಕೂಗಿದಳು, ಅವಳ ಗಂಟಲು ಹರಿಯಿತು.

ಟುಕ್‌ಟುಕ್ ಬಂತು, ಶಿಹಾತಾನದು, ಹಬ್ಬಕ್ಕೆ ಬಣ್ಣದ ಕಾಗದ ಕಟ್ಟಿಕೊಂಡಿದ್ದಾನೆ, ಎಲ್ಲಿಗ್ ಬಿಡ್ಲಿ ನಜ್ಲಾ, ಮನ್ಸೂರಾ ಪಟ್ಟಣದಲ್ಲಿ ವಿಷದ ವಾರ್ಡ್ ಬೇರೆ ಕಡೆ, ದೊಡ್ಡಾಸ್ಪತ್ರೆ ಬೇರೆ ಕಡೆ, ಒಂದು ಆ ತುದಿ ಒಂದು ಈ ತುದಿ, ಹಬ್ಬದ ಟ್ರಾಫಿಕ್ಕು, ಈಗ್ಲೇ ಹೇಳ್ಬಿಡು, ವಿಷದ ವಾರ್ಡಿಗೇ ಕಣೋ ಇನ್ನೆಲ್ಲಿಗೆ, ಕಣ್ ಕಾಣ್ಸಲ್ವಾ ಎಂದಳು ಫೌಕಿಯಾ ಅಳುತ್ತ, ಅಲ್ಲಿ ಹೊಟ್ಟೆ ತೊಳೆಯುತ್ತಾರೆ, ಸೂಜಿ ಚುಚ್ಚಿ ಕಾಯುತ್ತಾರೆ, ಮೊದಲ ಗಂಟೆ ಅಲ್ಲೇ ಹೋಗುತ್ತದೆ, ಎರಡನೆಯದೂ, ಎತ್ತುತ್ತಿದ್ದಾರೆ, ತೋಳಿಗೆ ಕೈ ಹಾಕಿದರು, ಇನ್ನೇನು, ಬಾಯಿಲ್ಲ, ಬಲಗೈಯಿಲ್ಲ, ಎಡಗೈ, ಎಡಗೈ ಇದೆ, ನಜ್ಲಾಳ ಮಣಿಕಟ್ಟು ಸಿಕ್ಕಿತು, ಹಿಡಿದ, ಗವಸಿನ ಮೇಲೆ ಸೀಮೆಎಣ್ಣೆ, ಜಾರುತ್ತದೆ, ಗಟ್ಟಿ ಹಿಡಿದ, ಎಳೆದ, ಏನಪ್ಪಾ, ಏನ್ ಬೇಕು, ಮೊಣಕಾಲು ಮಡಿಸಿದ, ಎಡಗಾಲು ಹತ್ತಿರ ಬಂತು, ಉದ್ದ ನಿಲುವಂಗಿ, ಗಲಾಬಿಯಾ, ಮೇಲೆ ಸರಿಯಿತು, ಅವಳ ಹೆಬ್ಬೆರಳನ್ನು ತನ್ನ ಹಿಮ್ಮಡಿಯ ಮೇಲೆ, ಗಂಟಿನ ಹತ್ತಿರ ಇಟ್ಟ, ತನ್ನ ಅಂಗೈಯಿಂದ ಅದರ ಮೇಲೆ ಒತ್ತಿದ, ಇದ್ದ ಬಲವನ್ನೆಲ್ಲ ಹಾಕಿ ಒತ್ತಿದ, ತಡಿ ಶಿಹಾತಾ, ಎತ್ಬೇಡ ಎಂದಳು ಅವಳು. ಬಿಟ್ಟ. ಅವಳು ಬೆರಳು ತೆಗೆದಳು. ಕುಳಿ. ಜೀವಮಾನವಿಡೀ ಕುಳಿ ತುಂಬಲಿ ತುಂಬಲಿ ಎಂದು ನೋಡಿದವನು ಈಗ ತುಂಬಬೇಡ, ತುಂಬಬೇಡ, ಅವಳು ನೋಡುವ ತನಕ ತುಂಬಬೇಡ ಎಂದು, ಅವಳು ನೋಡಿದಳು, ಡಾಕ್ಟರ ಕೋಣೆ, ಕೆಟ್ಟೋದ್ ಮೀನು, ಮೂವರ ನಗು ಅವಳ ಮುಖದಲ್ಲಿ ಒಂದೊಂದಾಗಿ ಬಂದು ಸತ್ತಿತು, ಕಣ್ಣು ಕುಳಿಯಿಂದ ಅವನ ಮುಖಕ್ಕೆ ಬಂತು, ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಅಪ್ಪಾ, ನೀನು ಮಾತ್ರೆ ನುಂಗ್ತಿದ್ದೆ ತಾನೇ, ಅವಳ ಧ್ವನಿ ಚಿಕ್ಕದಾಗಿತ್ತು, ಹೇಳಪ್ಪಾ, ನುಂಗ್ತಿದ್ದೆ ತಾನೇ, ಬಾಯಿ ಹೂಂ ಎನ್ನಲು ಸಿದ್ಧವಾಗಿತ್ತು, ಅದಕ್ಕೆ ಗೊತ್ತಿದ್ದದ್ದು ಅದೊಂದೇ, ಅವನು ಹಲ್ಲು ಕಚ್ಚಿದ, ಇದ್ದ ಅರ್ಧ ಹಲ್ಲು ಕಚ್ಚಿದ, ಆ ಹೂಂ ಹೊರಗೆ ಬಿಡಲಿಲ್ಲ, ದೊಡ್ಡಾಸ್ಪತ್ರೆಗೆ ಶಿಹಾತಾ, ವಿಷ ಅಲ್ಲ, ಮೀನಲ್ಲ, ಬಿಪಿ, ನಮ್ಮಪ್ಪಂಗೆ ಬಿಪಿ ಎಂದು ಅವಳು ಕೂಗಿದಳು, ಬೀದಿ ಕೇಳಿತೋ, ಕೇಳಲಿಲ್ಲವೋ, ಹಿಂದೆ 'ಮೀನು ಮೀನು' ನಿಲ್ಲಲಿಲ್ಲ, ಕಾಗದದ ಮಾಲೆ ಹಾರುತ್ತಿದೆ, ಹಳ್ಳ ಬಂದಾಗ ತಲೆ ಅವಳ ತೊಡೆಗೆ ಬಡಿಯುತ್ತದೆ, ಕಾಲು ಎದುರಿನ ಕಂಬಿಯ ಮೇಲಿದೆ, ಬರಿಗಾಲು, ಅದರ ಮೇಲೆ ಬಿಸಿಲು, ಬಿಸಿಲಲ್ಲಿ ಕುಳಿ, ಅವಳ ಹೆಬ್ಬೆರಳಿನ ಅಳತೆಯದು, ಅಂಚಿನಲ್ಲಿ ಸೀಮೆಎಣ್ಣೆಯ ಮಿಂಚು, ಈಗ ತುಂಬಬಹುದು, ಅವಳು ನೋಡಿಯಾಯಿತು, ಈಗ ತುಂಬು, ತುಂಬು, ಕುಳಿ, ಕುಳಿ ಹಾಗೇ ಇದೆ, ಕುಳಿ